ಕಾರು ಕಲಿಸುವ ಮೇಡಂ ಕೇಳಿದ ಪ್ರಶ್ನೆ

ಕಾರು ಕಲಿಸುವ ಆ ಹೆಂಗಸಿಗೆ ಕಲಿಯುವವರು ಇಟ್ಟ ಹೆಸರು ಗುಡುಗು ಮೇಡಂ. ಕ್ಲಚ್ ಬಿಡುವುದು ತುಸು ತಪ್ಪಿದರೂ ಸಾಕು, ಅವರ ಬಾಯಿಗೆ ಬೀದಿಯೇ ಬೆಚ್ಚಿಬೀಳುತ್ತಿತ್ತು. ಒಬ್ಬ ಹುಡುಗಿ ಅಳುತ್ತ ಅರ್ಧ ದಾರಿಯಲ್ಲೇ ಇಳಿದು ಹೋದ ಮೇಲೆ ಡ್ರೈವಿಂಗ್ ಸ್ಕೂಲಿನ ಮಾಲೀಕ, "ಅಕ್ಕಾ, ಜನರ ಜೊತೆ ಮಾತಾಡೋದನ್ನ ಸ್ವಲ್ಪ ಕಲ್ತ್ಕೊಂಡು ಬನ್ನಿ," ಎಂದು ಆಪ್ತಸಮಾಲೋಚನೆಯ ತರಬೇತಿಗೆ ಕಳಿಸಿದ.

ಅಲ್ಲಿ ಕಲಿಸುತ್ತಿದ್ದವರು ನಿವೃತ್ತ ನರ್ಸ್. ಎದುರಿನವರ ಮಾತನ್ನು ತಡೆಯದೆ ಕೇಳಬೇಕು, ಬುದ್ಧಿ ಹೇಳಬಾರದು, ಅವರು ಸುಮ್ಮನಾದರೆ ಆ ಮೌನವನ್ನೂ ತಾಳಬೇಕು. ಇಷ್ಟನ್ನು ಮೇಡಂ ಹಲ್ಲು ಕಚ್ಚಿ ಕಲಿತರು. ಆದರೆ ಕೊನೆಯ ಪಾಠ ಎದೆ ನಡುಗಿಸಿತು. ಯಾರಾದರೂ ಬದುಕು ಸಾಕಾದಂತೆ ಮಾತಾಡಿದರೆ, ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕಂತೆ.

"ನಾವೇ ತಲೆಗೆ ಹುಳ ಬಿಟ್ಟ ಹಾಗಾಗಲ್ವಾ?" ಎಂದರು ಮೇಡಂ.

"ಇಲ್ಲ. ಕೇಳಿದ್ರೆ ಯೋಚನೆ ಹುಟ್ಟಲ್ಲ. ಒಳಗಿರೋದು ಹೊರಗೆ ಬರೋಕೆ ದಾರಿಯಾಗುತ್ತೆ," ಎಂದರು ನರ್ಸ್.

ಅಭ್ಯಾಸಕ್ಕೆಂದು ಜೊತೆಗಾರ್ತಿಯನ್ನು ಕೇಳುವಾಗಲೂ ಮೇಡಂಗೆ ನಾಲಿಗೆ ಏಳಲಿಲ್ಲ.

ಕಾರು ಕಲಿಯಲು ಬರುತ್ತಿದ್ದವರಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ರಿಸೆಪ್ಷನಿಸ್ಟ್ ಒಬ್ಬಳಿದ್ದಳು. ಗಂಡ ತೀರಿಕೊಂಡ ಮೇಲೆ ಮನೆಯ ಕಾರನ್ನು ತಾನೇ ಓಡಿಸಬೇಕೆಂದು ಸೇರಿದವಳು. ಒಂದು ಬೆಳಿಗ್ಗೆ ಸ್ಟೀರಿಂಗ್ ಹಿಡಿದು ಹೊರಟಳು. ಸೇತುವೆಯ ಹತ್ತಿರದ ಖಾಲಿ ರಸ್ತೆಗೆ ಬಂದಾಗ ವೇಗ ಏರತೊಡಗಿತು. ಮುಂದೆ ತಿರುವು. ಅವಳ ಕೈ ಅಲುಗಲಿಲ್ಲ.

ಮೇಡಂ ತಮ್ಮ ಬದಿಯ ಬ್ರೇಕನ್ನು ತುಳಿದು ಹಿಡಿದರು. ಟೈರು ಕಿರುಚಿ, ಕಾರು ತಡೆಗೋಡೆಯ ಪಕ್ಕ ನಿಂತಿತು. ಗಂಟಲಿಗೆ ಬಂದ ಬೈಗುಳ ಅವಳ ಮುಖ ನೋಡಿ ಅಲ್ಲೇ ಇಂಗಿತು. ಆ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಮೇಡಂ ಹೆದರಿದ್ದು ಅದಕ್ಕೇ. ಕೀಲಿ ತೆಗೆದು ಮುಷ್ಟಿಯಲ್ಲಿ ಬಿಗಿಹಿಡಿದರು.

"ಇನ್ಮೇಲೆ ಕ್ಲಾಸ್ ಬೇಡ ಮೇಡಂ," ಎಂದಳು ಅವಳು. "ಬೆಕ್ಕನ್ನೂ ಪಕ್ಕದ ಮನೆಯವ್ರಿಗೆ ಕೊಟ್ಬಿಟ್ಟೆ. ಯಾವ್ದೂ ಬೇಡ ಅನ್ನಿಸ್ತಿದೆ."

ಮೇಡಂಗೆ ಕೊನೆಯ ಪಾಠ ನೆನಪಾಯಿತು. ಹೌದು ಎಂದುಬಿಟ್ಟರೆ ಏನು ಮಾಡಲಿ? ಕೇಳಬಾರದ ರೀತಿಯಲ್ಲಿ ಕೇಳಿ ಏನಾದರೂ ಆಗಿಬಿಟ್ಟರೆ? ಲಾರಿಯೊಂದು ಹಾರ್ನ್ ಹೊಡೆದು ದಾಟಿಹೋಯಿತು. ಕೊನೆಗೆ ನಡುಗುವ ದನಿಯಲ್ಲೇ ಕೇಳಿದರು: "ಸಾಯ್ಬೇಕು ಅನ್ನೋ ಯೋಚ್ನೆ ಬರ್ತಿದೆಯಾಮ್ಮ?"

ಉತ್ತರವಿಲ್ಲ. ಆ ಮೌನದೊಳಕ್ಕೆ ಮೇಡಂ ಮಾತು ತುರುಕಲಿಲ್ಲ.

"ಹೂಂ," ಎಂದಳು ಅವಳು. "ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ." ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಮೇಡಂ ನುಂಗಿಕೊಂಡರು. "ನಾನು ಇಲ್ಲೇ ಇದೀನಿ. ಒಬ್ಳನ್ನೇ ಬಿಟ್ಟು ಹೋಗಲ್ಲ. ಯಾರನ್ನ ಕರೀಲಿ, ಹೇಳು."

"ತಂಗೀನ."

ಮೇಡಂ ತಂಗಿಗೂ ನರ್ಸಿಗೂ ಫೋನ್ ಮಾಡಿದರು. ತಂಗಿ ಬಂದು, ಅಕ್ಕತಂಗಿಯರ ಜೊತೆ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವವರೆಗೆ ಮೇಡಂ ಅವಳ ಪಕ್ಕ ಬಿಟ್ಟು ಕದಲಲಿಲ್ಲ. ತಮ್ಮ ಮನೆಗೆ ಬಂದ ಮೇಲೆ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು, ಗಂಡನಿಗೆ ಕೇಳಿಸದಂತೆ ಅತ್ತರು.

ಮುಂದೆ ವಾರಗಟ್ಟಲೆ ಫೋನ್ ಸದ್ದಾದರೆ ಮೇಡಂ ಓಡಿಹೋಗಿ ಎತ್ತುತ್ತಿದ್ದರು. ಕೆಟ್ಟ ಸುದ್ದಿ ಬರಲಿಲ್ಲ. ತಂಗಿಯ ಮನೆಯಲ್ಲಿದ್ದುಕೊಂಡು, ಔಷಧಿ ತೆಗೆದುಕೊಳ್ಳುತ್ತ, ಅವಳು ನಿಧಾನಕ್ಕೆ ಚೇತರಿಸಿಕೊಂಡಳು. ಒಂದು ದಿನ ತಾನಾಗಿಯೇ ಬಂದು, "ಓಡಿಸ್ಬಹುದು ಅಂದ್ರು ಡಾಕ್ಟ್ರು. ಪಾರ್ಕಿಂಗ್ ಇನ್ನೂ ಕಲ್ಸಿಲ್ಲ ನೀವು," ಎಂದಳು.

"ಹೇಗಿದೀಯಾ? ನಿಜ ಹೇಳು."

"ಕೆಲವು ದಿನ ಕಷ್ಟಾನೇ. ಇವತ್ತು ಪರವಾಗಿಲ್ಲ."

ಕಾರು ಹೊರಟಿತು. ಮೇಡಂ ಹೆದರುತ್ತಲೇ ಅವಳ ಪಕ್ಕದಲ್ಲಿ ಕೂತಿದ್ದರು.