ಲಂಗೋಟಿ ಬಿಚ್ಚದ ಪೈಲಟ್

ಡಾಕ್ಟರ್ ಅಸ್ಗರ್ ಅವರ ಕೋಣೆಯ ಪರದೆಯ ಹಿಂದೆ ಷರಾಯಿಯನ್ನು ಮೊಣಕಾಲಿಗೆ ಇಳಿಸಿಕೊಂಡು ನಿಂತಾಗ, ತಾವು ವಿಮಾನ ಹಾರಿಸುವವರಲ್ಲ ಎಂಬ ಸಂಗತಿಯನ್ನು ಎಲ್ಲಿಂದ ಶುರುಮಾಡಿ ಹೇಳಬೇಕೋ ಅಂಜನಮೂರ್ತಿ ಮೇಷ್ಟ್ರಿಗೆ ತಿಳಿಯಲಿಲ್ಲ.

ತಪ್ಪೆಲ್ಲ ಹ್ಯಾಟಿನದು. ಗೆಳೆಯರ ಜೊತೆಗೆ ದಂಡಿನ ಡಾಕ್ಟರ ಹತ್ತಿರ ಹೋಗುವುದಲ್ಲವೇ ಎಂದು ಮೇಷ್ಟ್ರು ಮದುವೆಯ ಕಾಲದ ಕೋಟು, ಷರಾಯಿ, ಹ್ಯಾಟು ಎಲ್ಲವನ್ನೂ ಪೆಟ್ಟಿಗೆಯಿಂದ ತೆಗೆದು ಏರಿಸಿಕೊಂಡಿದ್ದರು. ಹೊರಗಿನ ಬೆಂಚಿನ ಮೇಲೆ ಅವರ ಪಕ್ಕದಲ್ಲೇ ನಿಜವಾದ ಪೈಲಟ್ ರಾಮಾಂಜಿನಪ್ಪನವರು ಕಚ್ಚೆಪಂಚೆ ಉಟ್ಟು, ರುಮಾಲು ಸುತ್ತಿ, ರಸೆಲ್ ಮಾರುಕಟ್ಟೆಗೆ ಹೂವು ಹಾಕಿ ಬಂದವರ ಹಾಗೆ ಕೂತಿದ್ದರು. ಅವರು ಹೂವು ಹಾಕಿಯೇ ಬಂದಿದ್ದರು. ಕಾಂಪೌಂಡರ್ ಹೊರಗೆ ಬಂದ, ಇಬ್ಬರನ್ನೂ ನೋಡಿದ, ಹ್ಯಾಟಿನ ತೋಳು ಹಿಡಿದು ಒಳಕ್ಕೆ ಕರೆದುಕೊಂಡು ಹೋದ.

ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಅದರೊಳಗೆ ಒಂದು ಕಡ್ಡಿ ಇಟ್ಟರು. ಕಡ್ಡಿ ತೆಗೆದ ಮೇಲೆ ಗಿರಗಿರನೆ ತಿರುಗುವ ಸ್ಟೂಲಿನ ಮೇಲೆ ಕೂರಿಸಿ ಸುತ್ತಿಸಿದರು. ಮೇಷ್ಟ್ರು ಬಿದ್ದರು. ಎಬ್ಬಿಸಿ ಷರಾಯಿ ಇಳಿಸಲು ಹೇಳಿದರು. ಮಕ್ಕಳಿಗೆ ‘ಹೇಳಿದ ಮಾತು ಕೇಳಬೇಕು’ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವರಿಗೆ ಅದೇ ಅಭ್ಯಾಸವಾಗಿ ಹೋಗಿತ್ತು.

“ನಿಮ್ಗೆ ಯಾವನ್ರೀ ಲೈಸೆನ್ಸ್ ಕೊಟ್ಟಿದ್ದು?” ಎಂದರು ಡಾಕ್ಟರು. “ಸ್ಟೂಲ್ ಮೇಲಿಂದಾನೇ ಬೀಳ್ತೀರಿ.”

“ಲೈಸೆನ್ಸ್ ನನಗಲ್ಲ ಸ್ವಾಮಿ. ಹೊರಗಡೆ ಕೂತಿದಾರಲ್ಲ, ಅವ್ರದ್ದು.”

ಡಾಕ್ಟರು ಪರದೆ ಸರಿಸಿ ಇಣುಕಿದರು. “ಆ ತೋಟದವ್ರದ್ದಾ? ಮತ್ತೆ ನೀವ್ಯಾಕೆ ಬಿಚ್ಚಿದ್ರಿ?”

“ನೀವು ಹೇಳಿದ್ರಲ್ಲ” ಎಂದರು ಮೇಷ್ಟ್ರು. ಷರಾಯಿಯ ಗುಂಡಿ ಹಾಕಿಕೊಳ್ಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.

ರಾಮಾಂಜಿನಪ್ಪನವರು ವಿಮಾನ ಹತ್ತಿದ್ದು ಶೋಕಿಗೆ ಎಂದು ಹಲಸೂರಿನಲ್ಲಿ ಹೇಳುವವರಿದ್ದರು. ಅವರದು ಹೂವಿನ ತೋಟದ ಮನೆತನ. ಯುದ್ಧದ ಕಾಲಕ್ಕೆ ಊರ ಪೂರ್ವದ ಹೊಲ ವಿಮಾನ ನಿಲ್ದಾಣಕ್ಕೆ ಸೇರಿಹೋಯಿತು. ಹೊಲದ ನಡುವೆ ಅವರ ತಂದೆ ತಾವೇ ನಿಂತು ತೋಡಿಸಿದ್ದ ಬಾವಿಯೊಂದಿತ್ತು. ಸುತ್ತ ಬೇಲಿ ಬಂತು, ಬೇಲಿಗೆ ಪಹರೆ ಬಂತು. ಬಾವಿ ನೋಡಲು ಹೋದ ರಾಮಾಂಜಿನಪ್ಪನವರನ್ನು ಪಹರೆಯವನು ಎರಡು ಸಲ ಓಡಿಸಿದ. ಹೀಗಾದವರು ಕೆಲವರು ಕೋರ್ಟಿಗೆ ಹೋದರು, ಕೆಲವರು ಹೆಂಡದಂಗಡಿಗೆ ಹೋದರು. ಇವರು ಯುದ್ಧ ಮುಗಿಯುವ ತನಕ ಕಾದಿದ್ದು, ಊರಾಚೆಯ ಬಯಲಿನಲ್ಲಿದ್ದ ವಿಮಾನದ ಕ್ಲಬ್ಬಿಗೆ ಹೋದರು.

“ಬೇಲಿ ಎಷ್ಟೆತ್ತರ ಕಟ್ತಾರೆ ಮೇಷ್ಟ್ರೇ? ಒಂದಾಳು. ಅದ್ರ ಮೇಲೆಲ್ಲ ಖಾಲಿನೇ ಅಲ್ವಾ?”

ಕ್ಲಬ್ಬಿನ ಪುಸ್ತಕ ಇಂಗ್ಲಿಷಿನಲ್ಲಿತ್ತು. ಮೇಷ್ಟ್ರು ಸಂಜೆ ಹೊತ್ತು ಜಗಲಿಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಹೇಳಿದರು. ಹೀಗಾಗಿ ವಿಮಾನದ ವಿದ್ಯೆ ಪೂರ್ತಿ ಮೇಷ್ಟ್ರಿಗೂ ಬಾಯಿಪಾಠವಾಗಿತ್ತು, ಹಾರಿಸುವುದೊಂದನ್ನು ಬಿಟ್ಟು. ಭಾನುವಾರಗಳಂದು ರಾಮಾಂಜಿನಪ್ಪನವರು ಎರಡು ರೆಕ್ಕೆಯ ಪುಟ್ಟ ವಿಮಾನದಲ್ಲಿ ಪೂರ್ವದ ಕಡೆ ದೂರದಿಂದ ಒಂದು ಸುತ್ತು ಹಾಕಿ ಬರುತ್ತಿದ್ದರು. ಮನೆಗೆ ಬಂದು ಹೆಂಡತಿ ಚಿಕ್ಕಮುನಿಯಮ್ಮನಿಗೆ ಹೇಳುತ್ತಿದ್ದುದು ಒಂದೇ ಮಾತು: “ಬಾವೀಲಿ ನೀರದೆ.” ಆಕೆ “ಸದ್ಯ” ಎಂದು ಎಲೆ ಹಾಕುತ್ತಿದ್ದರು.

ಈಗ ಲೈಸೆನ್ಸಿಗೆ ಮತ್ತೆ ವೈದ್ಯರ ಒಪ್ಪಿಗೆ ಬೇಕಾಗಿತ್ತು. ತಿಂಗಳು ಮುಗಿದರೆ ಲೈಸೆನ್ಸೂ ಮುಗಿಯುತ್ತದೆ. ಮುಗಿದರೆ ಹೊಸಬರ ಹಾಗೆ ಮೊದಲಿಂದ ಸೇರಬೇಕು. ಐವತ್ತು ತುಂಬಿದ ಹೊಸಬರನ್ನು ಕ್ಲಬ್ಬಿನವರು ಸೇರಿಸಿಕೊಳ್ಳುವುದಿಲ್ಲ. ಡಾಕ್ಟರ್ ಅಸ್ಗರೋ, ಅಂದು ಮಧ್ಯಾಹ್ನದ ರೈಲಿಗೆ ಮದ್ರಾಸಿಗೆ ಹೊರಟಿದ್ದರು. ಬರುವುದು ಬರುವ ತಿಂಗಳು. ಪೈಲಟ್ಟುಗಳ ಮೈ ನೋಡಿ ಸಹಿ ಹಾಕಬಲ್ಲವರು ಆ ಕಡೆಗೆ ಅವರೊಬ್ಬರೇ.

ರಾಮಾಂಜಿನಪ್ಪನವರ ಕಣ್ಣು, ಕಿವಿ, ಎದೆ ಎಲ್ಲವೂ ಸರಿಯಾಗಿದ್ದವು. ಸ್ಟೂಲು ಸುತ್ತಿಸಿದರೆ ಕುಲದೇವರ ಕಲ್ಲಿನ ಹಾಗೆ ಕೂತಿದ್ದರು. ತೊಂದರೆಯೆಂದರೆ, ಕಣ್ಣು ನೋಡಿದ ಮೇಲೆ ಒಮ್ಮೆ, ಕಿವಿ ನೋಡಿದ ಮೇಲೆ ಒಮ್ಮೆ, ಎದೆ ನೋಡುತ್ತಿದ್ದಾಗಲೇ ಒಮ್ಮೆ “ಬಂದೆ ಸ್ವಾಮಿ” ಎಂದು ಕಿರುಬೆರಳು ತೋರಿಸಿ ಹಿತ್ತಲಿಗೆ ಹೋಗಿಬಂದರು. ಅವರು ಎದ್ದಾಗಲೆಲ್ಲ ಮೇಷ್ಟ್ರೂ ಎದ್ದು, ಅವರು ಕೂತ ಮೇಲೂ ನಿಂತೇ ಇದ್ದು, ಗೋಡೆಯ ಗಡಿಯಾರ ನೋಡಿ ಕೂರುತ್ತಿದ್ದರು.

“ಎಷ್ಟು ದಿನದಿಂದ ಹಿಂಗೆ?” ಎಂದರು ಡಾಕ್ಟರು.

“ಎರಡು ವರ್ಷ ಆಗಿರ್ಬೋದು. ಬಂದ್ರೆ ತಡಿಯಲ್ಲ, ಹೋದ್ರೆ ಬರಲ್ಲ.”

ಡಾಕ್ಟರು ಸ್ಟೆತಸ್ಕೋಪು ಕೆಳಗಿಟ್ಟರು. “ನೋಡಿ ಯಜಮಾನ್ರೇ, ಪ್ರಾಸ್ಟೇಟ್ ಅಂತ ಒಂದು ಗ್ರಂಥಿ ಅದೆ, ಅಡಿಕೆ ಗಾತ್ರ. ವಯಸ್ಸಾದ್ರೆ ದಪ್ಪ ಆಗ್ತದೆ, ಮೂತ್ರದ ದಾರಿ ಒತ್ತುತ್ತೆ. ಒಂದಿನ ಪೂರಾ ಕಟ್ಕೊಂಡ್ಬಿಡ್ತದೆ. ನೆಲದ ಮೇಲೆ ಕಟ್ಕೊಂಡ್ರೆ ನನ್ ಹತ್ರ ಬರ್ತೀರಿ. ಮೇಲೆ ಕಟ್ಕೊಂಡ್ರೆ ಯಾರ್ ಹತ್ರ ಹೋಗ್ತೀರಿ? ಬೆರಳು ಹಾಕಿ ನೋಡ್ಬೇಕು. ಲಂಗೋಟಿ ಬಿಚ್ಚಿ.”

“ಯಾವ ಕಡೆಯಿಂದ?”

“ಹಿಂದ್ಗಡೆಯಿಂದ.”

“ಹಿಂದ್ಗಡೆಯಿಂದ ಹಿಡಿಯೋದು ನಮ್ಮಲ್ಲಿಲ್ಲ ಸ್ವಾಮಿ” ಎಂದು ರಾಮಾಂಜಿನಪ್ಪನವರು ಪಂಚೆ ಕಟ್ಟಿಕೊಳ್ಳತೊಡಗಿದರು.

ಕಾರಣ ಮೇಷ್ಟ್ರಿಗೆ ಗೊತ್ತಿತ್ತು. ಹದಿನಾರರ ವಯಸ್ಸಿನಲ್ಲಿ ಹಲಸೂರಿನ ಗರಡಿಯಲ್ಲಿ ಉಸ್ತಾದ್ ಅಹ್ಮದ್ ಪಾಷಾ ಅವರು ರಾಮಾಂಜಿನಪ್ಪನವರಿಗೆ ಲಂಗೋಟಿ ಕಟ್ಟಿಸಿದ್ದರು. ಆ ಗರಡಿಯ ಕಟ್ಟಳೆ ಒಂದಿದೆ: ಇನ್ನೊಬ್ಬ ಗಂಡಸಿನ ಎದುರು ಲಂಗೋಟಿ ಬಿಚ್ಚಿದರೆ ಅವನಿಗೆ ಸೋತ ಹಾಗೆ, ಬೆನ್ನಿಗೆ ಮಣ್ಣು ಹತ್ತಿದ್ದಕ್ಕೆ ಸಮ. ರಾಮಾಂಜಿನಪ್ಪನವರು ಅಖಾಡದಲ್ಲಿ ಯಾರಿಗೂ ಸೋತವರಲ್ಲ. ಈಗ ಕನ್ನಡಕದ ಡಾಕ್ಟರೊಬ್ಬರಿಗೆ, ಕೈ ಕೂಡ ಮಿಲಾಯಿಸದೆ ಸೋಲುವುದೇ?

“ರಾಮಾಂಜಿನಪ್ಪನೋರೇ, ಇದು ಕುಸ್ತಿ ಅಲ್ರೀ. ನಾನ್ ಬಿಚ್ಲಿಲ್ವಾ?”

“ನೀವು ಯಾರ್‍ಗೆ ಸೋತಿಲ್ಲ ಹೇಳಿ ಮೇಷ್ಟ್ರೇ. ನಿಮ್ದು ಬೇರೆ ವಿಷ್ಯ.”

“ಮತ್ತೆ ಬಾವಿ?”

ಪಂಚೆಯ ಗಂಟು ಹಾಕುತ್ತಿದ್ದ ಕೈ ನಿಂತಿತು. ಅವರು ಹೇಳಿದರು: “ಉಸ್ತಾದರು ಹೂಂ ಅಂದ್ರೆ ಆಯ್ತು.”

“ಊಟ ಮಾಡಿ ಸ್ಟೇಷನ್‌ಗೆ ಹೊರಟ್ಬಿಡ್ತೀನಿ, ಆಮೇಲೆ ನನ್ನ ಕೇಳ್ಬೇಡಿ” ಎಂದರು ಡಾಕ್ಟರು.

ಗರಡಿಗೆ ಹೊರಟ ಜಟಕಾದಲ್ಲಿ ಮೇಷ್ಟ್ರಿಗೆ ಕೂತಲ್ಲಿ ಕೂರಲಾಗಲಿಲ್ಲ. ಹ್ಯಾಟು ತೆಗೆದರು, ಹಾಕಿಕೊಂಡರು, ಕುದುರೆಗೆ ತಾವೇ ನಾಲಿಗೆಯಿಂದ ಟಕ್ ಟಕ್ ಎಂದರು. ಜಟಕಾದವನು ತಿರುಗಿ ನೋಡಿ, “ಸಾಬ್, ಅದಕ್ಕೆ ಎರಡೆರಡು ಜನ ಹೇಳಿದ್ರೆ ನಿಂತ್ಬಿಡ್ತದೆ” ಎಂದ. ನಿಂತಿತು. ಆದರೆ ನಿಂತದ್ದು ರಾಮಾಂಜಿನಪ್ಪನವರಿಗಾಗಿ. ಅವರು ಇಳಿದು ಒಂದು ಹೊಂಗೆಮರದ ಹಿಂದೆ ಹೋಗಿದ್ದರು. ಹೋದವರು ಬರಲಿಲ್ಲ. ಮೇಷ್ಟ್ರು ಮರದ ಈಚೆ ನಿಂತು, “ಆಯ್ತಾ?” ಎಂದು ಕೇಳಿದರು.

“ನೀವ್ ಕೇಳ್ತಿದ್ರೆ ಆಗಲ್ಲ ಮೇಷ್ಟ್ರೇ.”

ಮೇಷ್ಟ್ರು ದೂರ ಹೋಗಿ ನಿಂತರು. ಅಷ್ಟರಲ್ಲಿ ಅವರಿಗೇ ಅವಸರವಾಗಿ, ಇನ್ನೊಂದು ಮರ ಹುಡುಕಿಕೊಂಡರು. ಆಮೇಲೆ ಹಲಸೂರು ಕೆರೆ ದಾಟುವ ಮುಂಚೆ ಇನ್ನೊಂದು ಸಲ ಜಟಕಾ ನಿಂತಿತು. ಈ ಗತಿಯಲ್ಲಿ ಹೋದರೆ ಡಾಕ್ಟರ ಊಟವಷ್ಟೇ ಅಲ್ಲ, ಅವರು ಮದ್ರಾಸು ಸೇರಿ ಅಲ್ಲಿ ಊಟ ಮಾಡಿ ಮಲಗುವುದೂ ಆಗಿಹೋಗುತ್ತದೆ ಎಂದು ಮೇಷ್ಟ್ರು ಬೆವರು ಒರೆಸಿಕೊಂಡರು.

ಎಂಬತ್ತು ದಾಟಿದ ಉಸ್ತಾದರು ಗರಡಿಯ ಮುಂದೆ ಚಾರಪಾಯಿಯ ಮೇಲೆ ಮಲಗಿದ್ದರು. ಒಳಗೆ ಕೆಮ್ಮಣ್ಣಿನಲ್ಲಿ ಇಬ್ಬರು ಜಟ್ಟಿಗಳು ತಾಲೀಮು ನಡೆಸುತ್ತಿದ್ದರು. ರಾಮಾಂಜಿನಪ್ಪನವರು ಪಾದ ಮುಟ್ಟಿ ಪಕ್ಕಕ್ಕೆ ಸರಿದರು. ಹೇಳುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಮೊದಲು ‘ಪರೀಕ್ಷೆಗೆ ಲಂಗೋಟಿ ಬಿಚ್ಚಬೇಕಂತೆ’ ಎಂದರು. ಉಸ್ತಾದರು, “ಪರೀಕ್ಷೆಗೆ ಲಂಗೋಟಿ ಯಾಕೆ? ಪೆನ್ಸಿಲ್ ಸಾಕಲ್ಲ” ಎಂದರು. ಇಂಗ್ಲಿಷಿನಲ್ಲಿ ಹೇಳಿ ಪಾರಾಗಬಹುದಿತ್ತು, ಉಸ್ತಾದರಿಗೆ ಇಂಗ್ಲಿಷ್ ಬಾರದು. ಕೊನೆಗೆ ಮೇಷ್ಟ್ರು ಕೈಸನ್ನೆಗೆ ಇಳಿದರು. ಒಳಗಿನ ಜಟ್ಟಿಗಳು ಪಟ್ಟು ಬಿಟ್ಟು ನೋಡತೊಡಗಿದರು.

ಉಸ್ತಾದರು ಬಹಳ ಹೊತ್ತು ಯೋಚಿಸಿದರು. ಮೇಷ್ಟ್ರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು.

“ಬೆರಳು ಸೂಕಾ ಇರ್ತದಾ?” ಎಂದರು ಉಸ್ತಾದರು.

“ಇಲ್ಲ, ವ್ಯಾಸಲೀನ್ ಹಚ್ಕೋತಾರೆ. ಒಂಥರಾ ಎಣ್ಣೆ ಇದ್ದಂಗೆ.”

“ಹಂಗೆ ಹೇಳು. ಎಣ್ಣೆ ಹಚ್ಕೊಂಡು ಯಾರಾದ್ರೂ ಕುಸ್ತಿಗೆ ಇಳೀತಾರಾ? ಕುಸ್ತಿಗೆ ಮಣ್ಣು. ಎಣ್ಣೆ ಬಂತು ಅಂದ್ರೆ ಮಾಲೀಸು.” ಶಿಷ್ಯನ ಕಡೆ ಮುಖ ತಿರುಗಿಸಿದರು. “ಮಾಲೀಸ್‌ನಲ್ಲಿ ಯಾರ್ ಸೋತಿದಾರೆ? ಹೋಗು ಬೇಟಾ, ಮಾಡಿಸ್ಕೊಂಡು ಬಾ.”

ಮರಳಿ ಬಂದಾಗ ಡಾಕ್ಟರ ಹಾಸಿಗೆ ಸುರುಳಿ ಬಾಗಿಲಲ್ಲಿತ್ತು, ಡಾಕ್ಟರು ಕೈ ತೊಳೆದು ಒರೆಸಿಕೊಳ್ಳುತ್ತಿದ್ದರು.

“ವ್ಯಾಸಲೀನ್ ಹಚ್ಕೋತೀರಲ್ವಾ ಸ್ವಾಮಿ?” ಎಂದು ಮೇಷ್ಟ್ರು ಏದುಸಿರು ಬಿಟ್ಟರು. “ದಯಮಾಡಿ ಮರೀಬೇಡಿ. ಜಾಸ್ತಿ ಆದ್ರೂ ಪರವಾಗಿಲ್ಲ.”

ಡಾಕ್ಟರು ಅವರ ಮುಖವನ್ನು ಒಂದು ಗಳಿಗೆ ನೋಡಿ, ಇಂಥವರಿಗೆ ಉತ್ತರ ಕೊಡುವ ಸಂಬಳ ತಮಗಿಲ್ಲ ಎಂಬಂತೆ ಪರದೆ ಎಳೆದುಕೊಂಡರು.

ಪರದೆಯ ಈಚೆ ಮೇಷ್ಟ್ರು ಅತ್ತಿಂದಿತ್ತ ತಿರುಗಾಡಿದರು. ಲಂಗೋಟಿಯ ಗಂಟು ಬಿಚ್ಚಲು ಕಾಲ ಹಿಡಿಯಿತು. ಆಮೇಲೆ “ಬಗ್ಗಿ” ಎಂಬ ಮಾತು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಗ್ರಂಥಿ ಗಟ್ಟಿಯಾಗಿದ್ದರೆ ಕೆಟ್ಟ ರೋಗ ಎಂದು ಮೇಷ್ಟ್ರು ಎಲ್ಲೋ ಓದಿದ್ದರು. ಓದಿದ್ದನ್ನು ಮರೆಯುವುದು ಹೇಗೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಚಿಕ್ಕಮುನಿಯಮ್ಮನಿಗೆ ಏನು ಹೇಳುವುದು? ಬರುವ ಭಾನುವಾರ ಈ ಮನುಷ್ಯ ಜಗಲಿಯ ಮೇಲೆ ಕೂತು ಪೂರ್ವದ ಕಡೆ ನೋಡುತ್ತಿದ್ದರೆ, ಪಕ್ಕದಲ್ಲಿ ಕೂತು ತಾವು ಯಾವ ಪುಸ್ತಕ ಓದಿ ಹೇಳುವುದು? ಮೇಷ್ಟ್ರು ಹ್ಯಾಟಿನ ಅಂಚನ್ನು ತಿರುವಿ ತಿರುವಿ ಅದರ ಹೊಲಿಗೆಯನ್ನೇ ಬಿಡಿಸಿಬಿಟ್ಟರು.

ಪರದೆ ಸರಿಯಿತು.

“ದಪ್ಪ ಆಗಿದೆ” ಎಂದರು ಡಾಕ್ಟರು. ಮೇಷ್ಟ್ರು ಕೂತುಬಿಟ್ಟರು. “ಆದ್ರೆ ಮೆತ್ತಗಿದೆ, ಗಂಟಿಲ್ಲ. ವಯಸ್ಸಿಗೆ ಆಗೋದೇ. ಔಷಧ ಬರ್ಕೊಡ್ತೀನಿ. ಹಾರೋದಾದ್ರೆ ಒಂದು ಸಲಕ್ಕೆ ಅರ್ಧ ಗಂಟೆ, ಅದ್ರ ಮೇಲೆ ಒಂದು ನಿಮಿಷ ಬೇಡ. ಆರು ತಿಂಗಳಿಗೆ ಮತ್ತೆ ಬಂದು ತೋರಿಸ್ಬೇಕು. ಒಪ್ಪಿಗೇನಾ?”

“ಬಾವಿ ಹತ್ರಕ್ಕೆ ಅಷ್ಟು ಹೊತ್ತು ಬೇಡ ಸ್ವಾಮಿ” ಎಂದರು ರಾಮಾಂಜಿನಪ್ಪನವರು.

ಯಾವ ಬಾವಿ ಎಂದು ಡಾಕ್ಟರು ಕೇಳಲಿಲ್ಲ, ರೈಲಿನ ಹೊತ್ತಾಗಿತ್ತು. ಸಹಿ ಮಾಡಿ, ಮೊಹರು ಒತ್ತಿ, ಕಾಗದವನ್ನು ರಾಮಾಂಜಿನಪ್ಪನವರ ಕೈಗೆ ಕೊಟ್ಟರು. ಮೇಷ್ಟ್ರು ಅದನ್ನು ಅಲ್ಲಿಯೇ ಕಸಿದುಕೊಂಡು ಕೋಟಿನ ಒಳಜೇಬಿಗೆ ಹಾಕಿ, ಮೇಲಿಂದ ಕೈಯಿಟ್ಟು ನೋಡಿಕೊಂಡರು. ಬಾಗಿಲ ಹತ್ತಿರ ಡಾಕ್ಟರಿಗೆ ಏನೋ ನೆನಪಾಯಿತು.

“ನಿಮ್ಮ ಕ್ಲಬ್ಬಿನ ಸಾಹೇಬರು ಮೊನ್ನೆ ಸಿಕ್ಕಿದ್ರು. ನಿಮ್ಮನ್ನ ಭಾಳ ಹೊಗಳಿದ್ರು. ಬೇರೆಯವ್ರು ಒಂದು ಸಲ ಮೇಲೆ ಹೋದ್ರೆ ಇಳಿಯೋಕೇ ಮನಸ್ಸು ಮಾಡಲ್ವಂತೆ. ನೀವೊಬ್ರು ಮಾತ್ರ ಹೋಗಿ ಇಳಿದು, ಮತ್ತೆ ಹೋಗಿ ಮತ್ತೆ ಇಳಿದು, ಇಳಿಸೋ ಅಭ್ಯಾಸ ಬಿಡೋದೇ ಇಲ್ವಂತೆ. ಆ ಕೆಲಸದ ಮೇಲೆ ಅಷ್ಟು ಶ್ರದ್ಧೆ ಎಲ್ಲಿಂದ ಬಂತು ನಿಮಗೆ?”

ರಾಮಾಂಜಿನಪ್ಪನವರು ರುಮಾಲು ಸರಿಮಾಡಿಕೊಂಡರು.

“ಶ್ರದ್ಧೆ ಅಲ್ಲ ಸ್ವಾಮಿ” ಎಂದರು. “ಅವಸರ.”