ಹಿಂದಿನ ಬಾಗಿಲಿಗೆ ಕೇಳಿಸಿದ ಗಟ್ಟಿಮೇಳ

ಹೋದ ವರ್ಷ ಬೇಸಿಗೆಯ ಮದುವೆ ಸೀಸನ್ ಶುರುವಾಗುವ ಹೊತ್ತಿಗೆ ನನ್ನ ಬಾಯಲ್ಲಿ ಮುಂದಿನ ಮೇಲ್ಹಲ್ಲು ಒಂದೂ ಉಳಿದಿರಲಿಲ್ಲ. ನಗಬೇಡಿ. ಬೇರೆಯವರಿಗೆ ಹಲ್ಲು ಹೋದರೆ ಚಕ್ಕುಲಿ ತಿನ್ನೋಕೆ ಕಷ್ಟ, ನನಗೆ ಅನ್ನಕ್ಕೇ ಕಷ್ಟ. ದಾವಣಗೆರೆಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ನಾನು ಕ್ಲಾರಿನೆಟ್ ನುಡಿಸುವವನು. ಬಾಯಿಗಿಡುವ ತುದಿಯ ಮೇಲೆ ಮೇಲ್ಹಲ್ಲು ಊರಿ, ಕೆಳತುಟಿಯಿಂದ ರೀಡಿನ ತೆಳು ಪಟ್ಟಿ ಒತ್ತಿ ಹಿಡಿದರೇನೇ ಅದು ನುಡಿಯೋದು. ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಕೊಂಡು ಊದಿ ನೋಡಿದೆ. ಸೆಟ್ಟು ಅಲ್ಲಾಡಿತು, ಕ್ಲಾರಿನೆಟ್ ಕೀಚ್ ಅಂತು, ಮದುವೆ ಮನೆಯ ಮಕ್ಕಳು ಬಿದ್ದೂ ಬಿದ್ದೂ ನಕ್ಕವು.

ನಮ್ಮ ಬ್ಯಾಂಡಿನ ಮಾಸ್ತರು ಹನುಮಂತಪ್ಪನವರು ಅವತ್ತೇ ಹೇಳಿಬಿಟ್ಟರು. "ಪರಸಣ್ಣ, ಇನ್ಮ್ಯಾಲೆ ನೀನು ತಾಳ ಹಿಡಿ."

ಮೀಸೆ ಮೂಡಿದಾಗಿನಿಂದ ಮುಂದಿನ ಸಾಲಲ್ಲಿ ನಿಂತು ಊದಿದವನು ಹಿಂದೆ ನಿಂತು ತಾಳ ತಟ್ಟಬೇಕಂತೆ. ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಮನೆಯೊಳಗೆ ಹೊರಗೆ ಅಂತ ಸುಮ್ಮನೆ ತಿರುಗಿದೆ.

ದಾರಿ ತೋರಿಸಿದ್ದು ನನ್ನ ತಂಗಿ ಮಗಳು ಕವಿತಾ. ಮೊಬೈಲಲ್ಲಿ ಹುಡುಕಿ ತೋರಿಸಿದಳು. "ಮಾವ, ಕರೆಂಟಿನ ವಾದ್ಯ ಬಂದೈತೆ ನೋಡ್ರಿ. ಹಲ್ಲು ಬ್ಯಾಡ, ಉಸಿರಿದ್ರೆ ಸಾಕಂತೆ." ಕೆ.ಬಿ. ಬಡಾವಣೆಯ ಅಂಗಡಿಯೊಂದರಲ್ಲಿ ಎರಡು ತರಹದ್ದು ತರಿಸಿ ತೋರಿಸಿದರು. ಒಂದಕ್ಕೆ ಒತ್ತುವ ಗುಂಡಿಗಳು, ಹೊಟ್ಟೆಯೊಳಗೇ ಸ್ಪೀಕರ್. ಇನ್ನೊಂದಕ್ಕೆ ಗುಂಡಿಯೇ ಇಲ್ಲ, ಸಣ್ಣ ಸಣ್ಣ ಲೋಹದ ಬಿಲ್ಲೆಗಳು. ಬೆರಳು ತಾಗಿದರೆ ಸಾಕು, ಸ್ವರ ಬರುತ್ತೆ. ಸ್ಪೀಕರ್ ಡಬ್ಬಿ ಬೇರೆ ಇಡಬೇಕು. ಗುಂಡಿಯದ್ದೇ ಒಯ್ಯಿರಿ, ಕಲಿಯೋದು ಸಲೀಸು ಅಂತ ಅಂಗಡಿಯವರು ಹೇಳಿದರು. ನಾನು ಕೇಳಬೇಕಲ್ಲ. ಕ್ಲಾರಿನೆಟ್ಟಿನ ತೂತನ್ನು ಬೆರಳಿನ ಮಾಂಸದಿಂದ ಮುಚ್ಚಿ ಬೆಳೆದ ಕೈ ಇದು. ಗುಂಡಿ ಒತ್ತೋದು ಟೈಪ್ ಹೊಡೆದಂಗೆ ಅನ್ನಿಸಿತು. ಬಿಲ್ಲೆಯದ್ದನ್ನೇ ತಂದೆ.

ತಂದ ಮೇಲೆ ಗೊತ್ತಾಯ್ತು ಅದರ ಕಾಟ. ನಮಗೆ ಊದದೇ ಇರುವ ಬೆರಳನ್ನೂ ವಾದ್ಯದ ಮೇಲೆ ಹಗುರಾಗಿ ಇಟ್ಟಿರೋ ಚಾಳಿ. ಇದರ ಮೇಲೆ ಬೆರಳು ಸೋಕಿದರೂ ಸ್ವರ ಬದಲು. ಹಿಂದುಗಡೆ ಹೆಬ್ಬೆರಳು ಒಂಚೂರು ಸರಿದರೆ ಮಂದ್ರದಲ್ಲಿದ್ದವನು ತಾರಕ್ಕೆ ಹಾರುತ್ತಿದ್ದೆ. ವಿನೋಬನಗರದಲ್ಲಿ ನಮ್ಮದು ಗೋಡೆಗೆ ಗೋಡೆ ಅಂಟಿದ ಮನೆ, ಅದಕ್ಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಸಾಧನೆ ಮಾಡಿದೆ. ನನ್ನ ಹೆಂಡತಿ ರತ್ನಗೆ ಬರೀ ಉಸ್ ಉಸ್ ಅನ್ನೋದಷ್ಟೇ ಕೇಳೋದು. "ಏನ್ರಿ ಇದು, ದಮ್ಮು ಹತ್ತಿದಂಗೈತೆ. ಆಸ್ಪತ್ರೆಗೆ ಹೋಗಣೇನು?" ಅಂತ ರೇಗಿಸುತ್ತಿದ್ದಳು.

ಬೆರಳು ಹಿಡಿತಕ್ಕೆ ಬಂದ ಮೇಲೆ ಮಾಸ್ತರಿಗೆ ನುಡಿಸಿ ತೋರಿಸಿದೆ. ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಹರಿಹರದ ಮದುವಿಗೆ ತಗೊಂಡು ಬಾ. ಮುಹೂರ್ತ ದಾಟಿಸಿದ್ರೆ ಮುಂದಿನ ಸಾಲು ನಿಂದೇ. ಎಡವಿದ್ರೆ ತಾಳ, ಮತ್ತೆ ಮಾತಿಲ್ಲ" ಅಂದರು.

ಮದುವೆಯ ದಿನ ಬೆಳಗ್ಗೆ ಹೊರಡುವಾಗ ರತ್ನ ಬಾಗಿಲಲ್ಲೇ ತಡೆದಳು. "ಹೊಸ ವಾದ್ಯ, ಹಂಗೇ ಒಯ್ತೀರಾ?" ಕ್ಲಾರಿನೆಟ್ಟಿಗಾದರೆ ಕೆಳಗಿನ ಅಗಲ ಬಾಯಿಗೆ ವಿಭೂತಿ ಹಚ್ಚುತ್ತಿದ್ದಳು. ಇದಕ್ಕೆ ಅಂಥ ಬಾಯೇ ಇಲ್ಲ, ಕೋಲಿನಂಗೆ ನೆಟ್ಟಗಿದೆ. ಅದಕ್ಕೆ ನಟ್ಟನಡುವೆ, ಆ ಬಿಲ್ಲೆಗಳ ಮೇಲೇ, ನೀರಲ್ಲಿ ಕಲಸಿದ ವಿಭೂತಿ ಮೂರು ಬೆರಳಲ್ಲಿ ಎಳೆದು ಕುಂಕುಮ ಇಟ್ಟಳು. "ಮುಹೂರ್ತ ಆಗೋತನ ಅಳಿಸಬ್ಯಾಡ್ರಿ ಮತ್ತೆ" ಅಂದಳು. ಗಾಡಿ ಬಂದಿತ್ತು. ನಾನು ಕಣ್ಣಿಗೊತ್ತಿಕೊಂಡು ಚೀಲಕ್ಕಿಟ್ಟೆ.

ಹರಿಹರದ ಕಲ್ಯಾಣ ಮಂಟಪದಲ್ಲಿ ಮೊದಮೊದಲು ಎಲ್ಲ ಚೆಂದ ನಡೀತು. ಜನ ಹತ್ತಿರ ಬಂದು ಬಗ್ಗಿ ನೋಡಿದರು. ಮಾಸ್ತರ ಮುಖವೂ ಸ್ವಲ್ಪ ಸಡಿಲಾಗಿತ್ತು. ಆದರೆ ಬಿಸಿಲೇರಿತು, ಸಭಾಂಗಣ ತುಂಬಿತು, ಬೆರಳು ಬೆವರಿದವು. ವರನನ್ನು ಮಂಟಪಕ್ಕೆ ಕರೆತರುವ ಹೊತ್ತಿಗೆ ವಾದ್ಯಕ್ಕೆ ಹುಚ್ಚು ಹಿಡೀತು. ಸ ಹಿಡಿದರೆ ಮ ಬರುತ್ತೆ. ಬೆರಳೆತ್ತಿದರೂ ಸ್ವರ ಬಿಡೋದಿಲ್ಲ. ಸ್ಪೀಕರಿನಲ್ಲಿ ಅದು ಊರಿಗೆಲ್ಲ ಕೇಳುವಂಗೆ ಅರಚಿತು. ವರನ ಕಡೆಯವರು ತಿರುಗಿ ನೋಡಿದರು.

ಮಾಸ್ತರು ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. "ಬಂದ್ ಮಾಡು ನಿನ್ನ ಮಷಿನ್ನು. ಗಟ್ಟಿಮೇಳಕ್ಕೆ ಟ್ರಂಪೆಟ್ಟು ಡ್ರಮ್ಮು ಸಾಕು."

ಸ್ಪೀಕರಿನ ವೈರು ಕಿತ್ತು, ವಾದ್ಯ ಹೆಡ್‌ಫೋನ್ ಎರಡೂ ಎತ್ತಿಕೊಂಡು ಹಿಂದಿನ ಬಾಗಿಲಿಗೆ ಓಡಿದೆ. ಆಫ್ ಮಾಡಿ ಆನ್ ಮಾಡಿದೆ. ಬ್ಯಾಟರಿ ತೆಗೆದು ಹಾಕಿದೆ. ಅಂಗಡಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಒಳಗೆ ಪುರೋಹಿತರ ಮಂತ್ರ ಜೋರಾಗುತ್ತಾ ಇತ್ತು. ಆಗ ಬೆರಳ ತುದಿ ನೋಡಿದೆ, ಬೆಳ್ಳಗೆ ಜಿಗುಟು. ಒಣಗಿದ್ದ ವಿಭೂತಿ ಬೆವರಿಗೆ ಕರಗಿ ಒಂದು ಬಿಲ್ಲೆಯಿಂದ ಇನ್ನೊಂದಕ್ಕೆ ಹರಡಿಕೊಂಡಿತ್ತು. ಅದನ್ನೇ ಬೆರಳು ಅಂದುಕೊಂಡು ವಾದ್ಯ ಸ್ವರ ಹೊರಡಿಸುತ್ತಿತ್ತು.

ಒರೆಸೋಕೆ ಕರ್ಚೀಫು ತೆಗೆದೆ. ಆದರೆ ಕೈ ಬರಲಿಲ್ಲ. ತಾಳಿ ಕಟ್ಟೋ ಹೊತ್ತಿಗೆ ವಿಭೂತಿ ಅಳಿಸೋದಾ? ಕರ್ಚೀಫು ಮಡಚಿದೆ, ಬಿಚ್ಚಿದೆ, ಮತ್ತೆ ಮಡಚಿದೆ.

"ಯಾಕ್ರಣ್ಣ, ವಾದ್ಯ ನಿಂತೋತು?" ಅಂತ ಪಕ್ಕದಿಂದ ಒಂದು ದನಿ. ಪಾತ್ರೆ ತೊಳೆಯುವ ಜಾಗದ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಹೆಂಗಸು ಕೂತಿದ್ದರು. ಹೊಸ ರೇಷ್ಮೆ ಸೀರೆ, ಬರಿ ಹಣೆ. ನಾನು ಅವಸರದಲ್ಲಿ ಎಲ್ಲ ಹೇಳಿಬಿಟ್ಟೆ.

ಅವರು ಎದ್ದು ಬಂದು ವಾದ್ಯ ನೋಡಿದರು. "ಅರಿವೆಗೆ ಯಾಕೆ ಒರೆಸ್ತೀರಿ. ಬೆರಳಾಗೆ ತೆಗೆದು ನಿಮ್ಮ ಹಣಿಗೆ ಹಚ್ಚಿಕೊಳ್ರಿ. ವಿಭೂತಿ ಎಲ್ಲಿಗೆ ಹೋತು? ನುಡಿಸೋರ ಮ್ಯಾಲೇ ಐತಲ್ಲ."

ಎಂಥ ಸರಳ ಮಾತು. ನನಗೆ ಹೊಳೆದಿರಲಿಲ್ಲ. ಹಂಗೇ ಮಾಡಿದೆ. ಉಳಿದ ಜಿಗುಟನ್ನು ಅವರೇ ಸೆರಗಿನ ತುದಿಯಿಂದ ತೀಡಿ ತೆಗೆದರು, ರೇಷ್ಮೆ ಸೀರೆ ಅಂತಲೂ ನೋಡಲಿಲ್ಲ. ನಾನು ಹೆಡ್‌ಫೋನ್ ಸಿಕ್ಕಿಸಿ ಒಂದು ಸ ಹಿಡಿದು ನೋಡಿದೆ, ಸ ಬಂತು.

"ಲಗೂನ ಹೋಗ್ರಿ. ಒಳಗೆ ಕೂತಿರೋದು ನನ್ನ ಮಗಳು. ನಮ್ಮನೆಯವರು ಹೋದಮ್ಯಾಲೆ ನಾನು ಮುಂದೆ ನಿಲ್ಲಂಗಿಲ್ಲ, ಧಾರಿ ನನ್ನ ತಮ್ಮ ಎರೀತಾನೆ. ಇಲ್ಲಿಂದ ನನಗೇನೂ ಕಾಣಂಗಿಲ್ಲ. ನಿಮ್ಮ ವಾದ್ಯ ಕೇಳಿದ್ರೇನೇ ಕೊರಳಿಗೆ ತಾಳಿ ಬಿತ್ತು ಅಂತ ಗೊತ್ತಾಗೋದು."

ನಾನು ಒಳಗೆ ಓಡಿದೆ. ಮಾಸ್ತರು ಕೆಕ್ಕರಿಸಿ ನೋಡಿದರು, ಬಾಯಿ ತೆರೆದರು. ಅಷ್ಟರಲ್ಲಿ ಪುರೋಹಿತರು ಕೈಯೆತ್ತಿ "ಗಟ್ಟಿಮೇಳ, ಗಟ್ಟಿಮೇಳ" ಅಂದರು. ಜಗಳಕ್ಕೆ ಹೊತ್ತಿರಲಿಲ್ಲ. ಸ್ಪೀಕರಿನ ವೈರು ಸಿಕ್ಕಿಸಿ, ದನಿ ಕೊನೆವರೆಗೂ ಏರಿಸಿ ಊದಿದೆ. ಅಕ್ಷತೆ ಬಿತ್ತು, ಡ್ರಮ್ಮು ನಿಂತಿತು, ಮಾಸ್ತರು ಸಾಕು ಅಂತ ಕೈ ಸನ್ನೆ ಮಾಡಿದರು. ನಾನು ನಿಲ್ಲಿಸಲಿಲ್ಲ. ಉಸಿರು ಇರೋ ತನಕ ಊದಿ, ಆಮೇಲೆ ಇಳಿಸಿದೆ.

"ಮುಂದಿನ ಮದುವಿಗೂ ಇದನ್ನೇ ತಾ" ಅಂದರು ಮಾಸ್ತರು. ಅವರು ಅದಕ್ಕಿಂತ ಹೆಚ್ಚಿಗೆ ಯಾರನ್ನೂ ಹೊಗಳಿದ್ದು ನಾನು ಕಂಡಿಲ್ಲ.

ಊಟಕ್ಕೂ ಮುಂಚೆ ಹಿಂದಿನ ಬಾಗಿಲಿಗೆ ಹೋದೆ. ಆ ತಾಯಿ ಅಲ್ಲೇ ಕೂತಿದ್ದರು, ಕಣ್ಣು ಒದ್ದೆಯಾಗಿತ್ತು. "ಕೇಳಿಸ್ತೇನಮ್ಮ?" ಅಂದೆ.

"ಮೂರು ಗಂಟೂ ಕೇಳಿಸಿದ್ವು ಅಣ್ಣ" ಅಂದರು.

ನನ್ನ ಎದೆ ಉಬ್ಬಿಹೋಯಿತು. ಗಾಡಿಯಲ್ಲಿ ವಾಪಸ್ ಬರುವಾಗಲೂ ಅದೇ ಮಾತನ್ನು ಎಲ್ಲರಿಗೂ ಹೇಳಿಕೊಂಡು ಬಂದೆ. ರಾತ್ರಿ ಮನೆಯಲ್ಲಿ ರತ್ನಗೆ ಹೇಳಿದೆ. ಅವಳು ನಗಲಿಲ್ಲ. "ಪಾಪ, ಹೆತ್ತ ಮಗಳ ಮದುವಿ ಬರೀ ಕಿವಿಯಾಗೆ ನೋಡಿದ್ಲಲ್ಲ ಆಕಿ" ಅಂದಳು. ಆಮೇಲೆ ನನಗೆ ಆ ಖುಷಿ ಖುಷಿಯಾಗಿ ಉಳಿಯಲಿಲ್ಲ. ವಾದ್ಯದವನು ನಾನು, ಅವರನ್ನು ಮುಂದೆ ಕರೆದು ಕೂರಿಸು ಅಂತ ಯಾರಿಗೆ ಹೇಳಲಿ, ಯಾರು ಕೇಳುತ್ತಾರೆ.

ಆದರೆ ಈಗ ಯಾವ ಮದುವೆಗೆ ಹೋದರೂ ಸ್ಪೀಕರ್ ಡಬ್ಬಿ ಎರಡು ಒಯ್ಯುತ್ತೇನೆ. ಒಂದನ್ನು ಮಂಟಪದ ಕಡೆ ಇಡುತ್ತೇನೆ, ಇನ್ನೊಂದನ್ನು ಹಿಂದಿನ ಬಾಗಿಲ ಕಡೆ ತಿರುಗಿಸುತ್ತೇನೆ. "ಅಲ್ಲಿ ಯಾರಿದ್ದಾರಂತ ಇಡ್ತೀಯೋ ಮಾರಾಯ" ಅಂತ ಮಾಸ್ತರು ಪ್ರತಿಸಲ ಬೈಯುತ್ತಾರೆ. ನಾನು ಹೂಂ ಅನ್ನುತ್ತೇನೆ, ಡಬ್ಬಿಯ ಮುಖ ಮಾತ್ರ ಈಚೆಗೆ ತಿರುಗಿಸುವುದಿಲ್ಲ.