ದೋಣಿಯಲ್ಲಿ ದೊಡ್ಡಮ್ಮನ ಪಕ್ಕ

ಮದುವೆ ಮನೆಗೆ ಬಂದರೆ ದೊಡ್ಡಮ್ಮ ಕೂರುವ ಮೊದಲು ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿಕೊಳ್ಳುತ್ತಿದ್ದಳು. ಮೇಲಿನದನ್ನು ಅಂಗೈಯಿಂದ ಒತ್ತಿ, ಕಾಲುಗಳು ಅಗಲವಾಗುತ್ತವೆಯೋ ಎಂದು ಬಗ್ಗಿ ನೋಡಿ, ಎರಡೂ ಕೈಯನ್ನು ಮಂಡಿಯ ಮೇಲೂರಿ, "ಶಿವನೇ" ಎನ್ನುತ್ತ ಮೆಲ್ಲಗೆ ಇಳಿಯುತ್ತಿದ್ದಳು. ಕುರ್ಚಿ ಕಿರ್ರೆನ್ನುತ್ತಿತ್ತು. ಆ ಸದ್ದು ನಿಲ್ಲುವವರೆಗೆ ಅವಳು ಉಸಿರು ಬಿಡುತ್ತಿರಲಿಲ್ಲ. ಒಂದು ಕೈ ಸೆರಗಿನೊಳಗೆ ಹೋಗಿ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಹಿಡಿದಿರುತ್ತಿತ್ತು.

"ಎರಡ್ಯಾಕಮ್ಮೋ ನಿಂಗೆ?" ಎಂದು ಯಾರಾದರೂ ಕೆಣಕಿದರೆ, "ಒಂದು ನಂಗೆ, ಇನ್ನೊಂದು ನನ್ ಹೆದರಿಕೆಗೆ ಕಣಪ್ಪಾ" ಎನ್ನುತ್ತಿದ್ದಳು.

ನಗಿಸಲು ಹೇಳಿದ ಮಾತಲ್ಲ ಅದು. ಹಿಂದೊಮ್ಮೆ ಬೀರೂರಿನ ಛತ್ರದಲ್ಲಿ ಊಟದ ಹೊತ್ತಿಗೆ ಅವಳ ಕುರ್ಚಿಯ ಕಾಲು ಮುರಿದು, ಜನರ ನಡುವೆ ಅಂಗಾತ ಬಿದ್ದಿದ್ದಳು. ಎಬ್ಬಿಸಲು ಬಂದವರೂ ನಗುತ್ತಲೇ ಬಂದಿದ್ದರು. ಆಮೇಲೆ ಬಹಳ ದಿನ ಯಾವ ಶುಭಕಾರ್ಯಕ್ಕೂ ಹೋಗಲಿಲ್ಲ. "ಬಿದ್ದಿದ್ದು ನೋಯಲಿಲ್ಲ ಕಣೇ, ಆ ನಗು ಐತಲ್ಲ, ಅದು ಮೂಳೆಗೆ ಹೊಕ್ಬಿಡ್ತು" ಎಂದು ನನ್ನೊಬ್ಬಳ ಹತ್ತಿರ ಹೇಳಿದ್ದಳು. ನನಗೇ ಯಾಕೆ ಹೇಳಿದಳು ಅಂದರೆ, ಮೈಕಟ್ಟಿನಲ್ಲೂ ಪುಕ್ಕಲುತನದಲ್ಲೂ ಇಡೀ ವಂಶದಲ್ಲಿ ಅವಳನ್ನು ಹೋಲುವವಳು ನಾನೊಬ್ಬಳೇ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಅಜ್ಜಂಪುರದಲ್ಲಿ ದೊಡ್ಡಪ್ಪನದು ಈರುಳ್ಳಿ ಮಂಡಿ. ಅವರಿಗೆ ಮಕ್ಕಳಿರಲಿಲ್ಲ. ಹಾಗಾಗಿ ತಂಗಿಯರ ಮಕ್ಕಳೆಲ್ಲ ರಜೆ ಬಂತೆಂದರೆ ಅವಳ ಅಡುಗೆಮನೆಯಲ್ಲೇ. ನಾನು ಆಡುವ ಮಾತಿನಲ್ಲಿ ಅರ್ಧ ಅಲ್ಲಿ ಕಲಿತದ್ದು.

ಚಿಕ್ಕವಳಿದ್ದಾಗ ಒಮ್ಮೆ ಬೀರೂರು ಸ್ಟೇಷನ್ನಿನ ಮೇಲ್ಸೇತುವೆಯ ಮಧ್ಯಕ್ಕೆ ಬಂದು ಕಾಲು ಕಿತ್ತಿಡಲಾರದೆ ಕೂತುಬಿಟ್ಟಿದ್ದೆ. ಕೆಳಗೆ ಗೂಡ್ಸ್ ಗಾಡಿ ಹೋಗುತ್ತಿತ್ತು, ಸೇತುವೆ ಅದುರುತ್ತಿತ್ತು. ಹಿಂದಿನವರು ಗೊಣಗಿದರು. ದೊಡ್ಡಮ್ಮ ತಿರುಗಿ, ದಾರಿಗೆ ಅಡ್ಡಲಾಗಿ ನಿಂತು, ಎಲ್ಲರಿಗೂ ಕೇಳುವಂತೆ, "ಸ್ವಲ್ಪ ನಿಂತ್ಕೊಳ್ರಪ್ಪಾ, ಮಗೂಗೆ ಹೆದರಿಕೆ ಆಗೈತೆ" ಎಂದಳು. ನನಗೆ ನಾಚಿಕೆಯಿಂದ ಸತ್ತು ಹೋಗುವಂತಾಯಿತು. ಆದರೆ ಜನ ನಿಜವಾಗಿಯೂ ನಿಂತರು. ದಾಟಿದ ಮೇಲೆ ಅವಳು ಹೇಳಿದ್ದು ಇಷ್ಟು: "ಹೆದರಿಕೆ ಬಂದ್ರೆ ಬಾಯ್ಬಿಟ್ಟು ಹೇಳು ಕಣೇ. ಒಳಗಿಟ್ಕೊಂಡ್ರೆ ಹೆಪ್ಪು ಹಾಕಿದ ಹಾಲಿನ ಹಾಗೆ, ಬೆಳಗಾಗೋದ್ರೊಳಗೆ ಗಟ್ಟಿಯಾಗಿರುತ್ತೆ."

ನಮ್ಮ ಮನೆಯಲ್ಲಿ ಒಂದು ರೂಢಿಯಿತ್ತು. ಎಲ್ಲಿಗೆ ಹೊರಟರೂ ಎಲ್ಲರಿಗಿಂತ ಸಣ್ಣ ಮಗು ದೊಡ್ಡಮ್ಮನ ಪಕ್ಕ. ಲಿಂಗದಹಳ್ಳಿ ದಾಟಿ ಬೆಟ್ಟ ಹತ್ತುವ ರಸ್ತೆಯಲ್ಲಿ ಬಸ್ಸು ತಿರುಗುವಾಗ ದೊಡ್ಡವರೆಲ್ಲ ಅತ್ತಿಂದಿತ್ತ ಉರುಳುತ್ತಿದ್ದರು. ಕಿಟಕಿಗೂ ದೊಡ್ಡಮ್ಮನಿಗೂ ಮಧ್ಯೆ ಸಿಕ್ಕಿಕೊಂಡ ಮಗು ಮಾತ್ರ ಅಲುಗದೆ ನಿದ್ದೆ ಮಾಡುತ್ತಿತ್ತು. "ನನ್ ಮೈ ಒಂದಕ್ಕಾದ್ರೂ ಆಯ್ತಲ್ಲ" ಎಂದು ಅವಳೂ ಹಿಗ್ಗುತ್ತಿದ್ದಳು. ನಾವೆಲ್ಲ ಹಾಗೇ ಬೆಳೆದವರು. ನನ್ನ ಮಗಳು ಹುಟ್ಟಿದ ಮೇಲೆ ಆ ಜಾಗ ಅವಳದಾಯಿತು.

ಮಗಳು ಎರಡನೇ ಕ್ಲಾಸು ಮುಗಿಸಿದ ಬೇಸಿಗೆ. ಕಡೂರಿನಿಂದ ಒಂದು ವ್ಯಾನು ಮಾಡಿಕೊಂಡು ದೂರದ ಊರಿನ ಪಾರ್ಕೊಂದಕ್ಕೆ ಹೋದೆವು. ನೀರಾಟ, ತಿರುಗುವ ಆಟ, ತಲೆಕೆಳಗಾಗುವ ಆಟ, ಎಲ್ಲವೂ ಇದ್ದ ಜಾಗ. ನಾನು, ನಮ್ಮ ಮನೆಯವರು, ಮಗಳು, ನನ್ನ ನಾದಿನಿ, ದೊಡ್ಡಮ್ಮ. ಮಗಳಿಗೆ ಅಲ್ಲಿ ಬೇಕಾದದ್ದು ಒಂದೇ, ದೊಡ್ಡ ದೋಣಿ. ಎರಡು ಕಂಬಗಳ ನಡುವೆ ಉಯ್ಯಾಲೆಯಂತೆ ತೂಗಿ, ಒಂದೊಂದು ತುದಿಯೂ ಆಕಾಶಕ್ಕೆ ಎದ್ದು ಬೀಳುವ ದೋಣಿ. ಕೆಳಗೆ ನಿಂತು ನೋಡುತ್ತಲೇ ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಚಿಕ್ಕ ಮಕ್ಕಳು ದೊಡ್ಡವರ ಜೊತೆಗೇ ಕೂರಬೇಕೆಂದು ಬೋರ್ಡು ಹಾಕಿದ್ದರು. ಮಗಳು ನನ್ನ ಮುಖ ನೋಡಿದಳು. ನಾನು ಗಂಡನ ಮುಖ ನೋಡಿದೆ. ನಾದಿನಿ, "ನಾನಂತೂ ಒಲ್ಲೆ ತಾಯಿ, ಚಪ್ಪಲಿ ಕಾಯ್ತೀನಿ" ಎಂದು ನೆರಳಿಗೆ ಹೋದಳು.

"ನಾನ್ ಕೂರ್ತೀನಿ ಬಿಡೇ ಮಗೂ ಜೊತೆ" ಎಂದಳು ದೊಡ್ಡಮ್ಮ. "ನೀನು ಹಿಂದಿನ ಸಾಲಲ್ಲಿ ಗಂಡನ್ ಕೈ ಹಿಡ್ಕೊಂಡು ಕಣ್ಮುಚ್ಕೋ."

"ನಿಂಗೆ ಹೆದರಿಕೆ ಇಲ್ವಾ ದೊಡ್ಡಮ್ಮ?"

"ಯಾಕಿಲ್ಲ? ಬೇಕಾದಷ್ಟೈತೆ."

ಹತ್ತುವ ಮುಂಚೆ ಅವಳು ತನ್ನ ಪದ್ಧತಿಯಂತೆ ಬಾಯಿಬಿಟ್ಟು ಕೇಳಿದಳು. ಅಲ್ಲಿ ನಿಂತಿದ್ದ ಸಮವಸ್ತ್ರದ ಆಳನ್ನು ಕರೆದು, "ಏನಪ್ಪಾ, ನನ್ನಂಥ ಮೈಯೋರಿಗೆ ಆಗುತ್ತಾ ಇದು? ಹೆದ್ರೋರಿಗೆ ಆಗುತ್ತಾ?" ಎಂದಳು. ಸಾಲಿನಲ್ಲಿದ್ದ ಹುಡುಗರು ಕಿಸಕ್ಕೆಂದರು. ಅವನು, "ಎಲ್ಲಾರ್ಗೂ ಆಗುತ್ತೆ ಅಜ್ಜಿ. ರಾಡು ಲಾಕ್ ಆದ್ರೆ ಆಯ್ತು. ಕೊರಳಲ್ಲಿರೋದೆಲ್ಲ ತೆಗೆದಿಡಿ" ಎಂದ.

"ಸರ ತೆಗೀತೀನಿ. ಲಿಂಗ ತೆಗೆಯೋಕಾಗಲ್ಲ ಕಣಪ್ಪಾ, ಅದು ಉಸಿರಿರೋವರ್ಗೂ ಇಲ್ಲೇ" ಎಂದು ಕರಡಿಗೆಯನ್ನು ಕುಪ್ಪಸದೊಳಗೆ ಸೇರಿಸಿಕೊಂಡಳು.

ಮೂರು ಜನ ಕೂರುವ ಸಾಲಿನಲ್ಲಿ ಅವಳೂ ಮಗಳೂ ಇಬ್ಬರೇ ಹಿಡಿದರು. ಇಡೀ ಸಾಲಿಗೆ ಒಂದೇ ರಾಡು. ಆಳು ಬಂದು ಅದನ್ನು ಕೆಳಗೆ ಒತ್ತಿದ. ದೊಡ್ಡಮ್ಮನ ಹೊಟ್ಟೆಯ ಮೇಲೆ ಬಂದು ಅದು ಟಕ್ಕೆಂದಿತು. ಅವನು ಒಮ್ಮೆ ಜಗ್ಗಿ ನೋಡಿ ಮುಂದಕ್ಕೆ ಹೋದ. ಜಗ್ಗಿ ನೋಡಿದ್ದು ಅವಳ ಕಡೆಯಿಂದ. ನಾವು ಯಾರೂ ಮಗಳಿದ್ದ ಆಚೆ ಬದಿಯನ್ನು ನೋಡಲಿಲ್ಲ. ನೋಡಬೇಕೆಂದು ಹೊಳೆಯಲೂ ಇಲ್ಲ. ಮಗು ದೊಡ್ಡಮ್ಮನ ಪಕ್ಕ ಇದೆ, ಇನ್ನೇನು ಭಯ?

ದೋಣಿ ಮೊದಲು ತೊಟ್ಟಿಲಿನಂತೆ ತೂಗಿತು. ಮಗಳು ಕಿಲಕಿಲ ನಕ್ಕಳು. ನಾನೂ ಕಣ್ಣು ಬಿಟ್ಟೆ. ಆಮೇಲೆ ನಮ್ಮ ತುದಿ ಮೇಲಕ್ಕೆ, ಇನ್ನೂ ಮೇಲಕ್ಕೆ ಎದ್ದು, ಒಂದು ಕ್ಷಣ ಅಲ್ಲೇ ತಡೆಯಿತು. ನಾವು ಮುಖ ಕೆಳಗೆ ಮಾಡಿ ನೆಲ ನೋಡುತ್ತಿದ್ದೆವು. ಆ ಕ್ಷಣದಲ್ಲಿ ಮುಂದಿನ ಸಾಲಿನಿಂದ ಮಗಳ ಮೈ ಪೂರ್ತಿಯಾಗಿ ಮೇಲೆದ್ದಿತು. ಅವಳ ಲಂಗಕ್ಕೂ ಸೀಟಿಗೂ ನಡುವೆ ಬೆಳಕು ಕಂಡಿತು. ರಾಡು ಅವಳ ತೊಡೆಯಿಂದ ಗೇಣುದ್ದ ಮೇಲಿತ್ತು. ದೊಡ್ಡಮ್ಮನ ಹೊಟ್ಟೆಗೆ ತಾಗಿ ಅಲ್ಲೇ ನಿಂತಿದ್ದ ರಾಡು ಮಗುವನ್ನು ಮುಟ್ಟಿಯೇ ಇರಲಿಲ್ಲ.

ನಾನು ಕೂಗಿದೆ. ನಮ್ಮ ಮನೆಯವರು ಎರಡೂ ಕೈ ಬೀಸಿ, "ನಿಲ್ಸೋ, ನಿಲ್ಸೋ!" ಎಂದು ಅರಚಿದರು. ಆದರೆ ಆ ದೋಣಿಯಲ್ಲಿ ಎಲ್ಲರೂ ಕೂಗುತ್ತಿದ್ದರು, ಎಲ್ಲರೂ ಕೈ ಬೀಸುತ್ತಿದ್ದರು. ಹಾಡು ಕಿವಿ ಒಡೆಯುವಂತೆ ಬಡಿಯುತ್ತಿತ್ತು. ಕೆಳಗಿದ್ದ ಆಳು ನಮ್ಮ ಕಡೆ ನೋಡಿ ನಕ್ಕು, ತಾನೂ ಕೈ ಬೀಸಿದ. ಆ ನಗು ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ಮುಂದಕ್ಕೆ ಬಗ್ಗಿ ಮಗಳ ಜಡೆಯನ್ನಾದರೂ ಹಿಡಿಯೋಣವೆಂದರೆ ನನ್ನ ರಾಡು ನನ್ನ ಹೊಟ್ಟೆಯನ್ನು ಸೀಟಿಗೆ ಒತ್ತಿಹಿಡಿದಿತ್ತು. ಬೆರಳ ತುದಿಗೂ ಜಡೆಗೂ ಒಂದು ಮೊಳ ಅಂತರ. ತುದಿ ಇಳಿಯಿತು, ಮತ್ತೆ ಏರಿತು.

ಆಗ ದೊಡ್ಡಮ್ಮನ ಎರಡೂ ಕೈ ಕಂಡವು. ಹೆದರಿದಾಗ ಕರಡಿಗೆ ಹಿಡಿಯುವ ಕೈಯೂ ಎದೆಯ ಹತ್ತಿರ ಇರಲಿಲ್ಲ. ಒಂದು ತೋಳು ಮಗಳ ಬೆನ್ನನ್ನು ಬಳಸಿ ಆಚೆ ಬದಿಯಲ್ಲಿ ರಾಡನ್ನು ಹಿಡಿದಿತ್ತು. ಇನ್ನೊಂದು ಅವಳ ಸೊಂಟದ ಮೇಲೆ ಅಡ್ಡ ಬಿದ್ದಿತ್ತು. ತನ್ನ ಒಂದು ಕಾಲನ್ನೆತ್ತಿ ಮಗುವಿನ ತೊಡೆಯ ಮೇಲೆ ಹೇರಿದ್ದಳು. ಅಂಥ ಮೈಯವಳು ಆ ಇಕ್ಕಟ್ಟಿನಲ್ಲಿ ಕಾಲು ಹೇಗೆ ಎತ್ತಿದಳೋ ಶಿವನೇ ಬಲ್ಲ. ಮಗಳ ತಲೆ ಅವಳ ಕಂಕುಳಿಗೆ ಹೂತುಹೋಗಿತ್ತು. ದೊಡ್ಡಮ್ಮ ಬಗ್ಗಿ ಮಗುವಿನ ಕಿವಿಗೆ ಏನೋ ಹೇಳುತ್ತಿದ್ದಳು, ಒಂದೇ ಸಮ ಹೇಳುತ್ತಿದ್ದಳು. ಪ್ರತಿ ಸಲ ತುದಿ ಮೇಲೇರಿದಾಗ ಅವಳ ಭುಜ ಕಿತ್ತುಬರುವಂತೆ ಜಗ್ಗುತ್ತಿತ್ತು, ತೋಳು ಮಾತ್ರ ಸಡಿಲವಾಗಲಿಲ್ಲ. ದೋಣಿ ಯಾರಿಗಾಗಿಯೂ ನಿಲ್ಲಲಿಲ್ಲ. ತನ್ನ ಹೊತ್ತು ಮುಗಿಸಿಕೊಂಡೇ ನಿಂತಿತು.

ರಾಡು ಎತ್ತಿದ ಕೂಡಲೇ ಮಗಳು ಕುಣಿಯುತ್ತ ನನ್ನ ಹತ್ತಿರ ಓಡಿಬಂದಳು. "ಅಮ್ಮಾ, ಅಜ್ಜಿ ಎಷ್ಟು ಹೆದರ್ಕೊಂಡಿದ್ಲು ಗೊತ್ತಾ! 'ನಂಗೆ ಹೆದರಿಕೆ ಆಗ್ತೈತೆ ಪುಟ್ಟಿ, ನನ್ ಬಿಡ್ಬೇಡ ಕಣೇ, ಗಟ್ಟಿಯಾಗಿ ಹಿಡ್ಕೋ' ಅಂತಿದ್ಲು. ನಾನು ಬಿಡ್ಲೇ ಇಲ್ಲ!"

ನಾನು ಅವಳನ್ನು ಅಪ್ಪಿ ಅಳಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ಮಣಿಕಟ್ಟನ್ನು ಉಗುರು ಊರುವಂತೆ ಹಿಡಿದಳು. ಅವಳ ಮುಖ ಬೂದಿಯಾಗಿತ್ತು, ಬೆವರು ವಿಭೂತಿಯನ್ನು ತೊಳೆದು ಇಳಿಸಿತ್ತು.

ಮಗಳ ಮಾತು ಕೇಳಿಸಿಕೊಂಡ ನಾದಿನಿ ಚಪ್ಪಲಿ ಹಿಡಿದು ಬಂದು, "ಏನ್ ದೊಡ್ಡಮ್ಮ, ಮಗೂನೇ ನಿಮ್ಮನ್ನ ಕಾಪಾಡ್ಬೇಕಾಯ್ತಾ?" ಎಂದಳು.

"ಹೂಂ ಕಣಮ್ಮ. ಇಲ್ದಿದ್ರೆ ಹಾರೇ ಹೋಗ್ತಿದ್ದೆ."

"ನೀವಾ? ಹಾರೋದಾ?"

ಸಾಲಿನಲ್ಲಿದ್ದವರೂ ಸೇರಿ ನಕ್ಕರು. ದೊಡ್ಡಮ್ಮ ಅಲ್ಲಾಡದೆ ನಿಂತು ಆ ನಗುವನ್ನು ಪೂರ್ತಿಯಾಗಿ ತೆಗೆದುಕೊಂಡಳು. ಆಮೇಲೆ ನೆಟ್ಟಗೆ ಸಾಲಿನ ಮುಂದಕ್ಕೆ ಹೋದಳು. ಅಲ್ಲಿ ಭಾರೀ ಮೈಯ ಗಂಡಸೊಬ್ಬ ಮಗನ ಕೈ ಹಿಡಿದು ನಿಂತಿದ್ದ.

"ಅಪ್ಪಾ, ತಪ್ಪು ತಿಳ್ಕೋಬೇಡ. ನೀನೂ ನನ್ ಥರಾನೇ ಇದ್ದೀಯ. ಮಗೂನ ನಿನ್ ಪಕ್ಕ ಕೂರಿಸ್ಕೋಬೇಡ."

"ಏನ್ರೀ ಹಂಗಂದ್ರೆ?" ಅವನ ಮುಖ ಕೆಂಪಾಯಿತು.

"ರಾಡು ನಿನ್ ಹೊಟ್ಟೆ ಮೇಲೆ ನಿಂತ್ಬಿಡುತ್ತೆ ಕಣಪ್ಪಾ. ಮಗೂಗೆ ತಾಗೋದೇ ಇಲ್ಲ. ನೋಡು, ನನ್ ಹೊಟ್ಟೆ ನೋಡು, ಇಲ್ಲಿಗೆ ನಿಂತಿತ್ತು." ಸೆರಗು ಸರಿಸಿ ಸೀರೆಯ ಮೇಲೆ ಬಿದ್ದಿದ್ದ ರಾಡಿನ ಗೆರೆಯನ್ನು ಅಂಗೈಯಿಂದ ತೋರಿಸಿದಳು. ಎಲ್ಲರ ಕಣ್ಣೂ ಅಲ್ಲೇ. ತನ್ನ ಮೈಯನ್ನು ಯಾರಾದರೂ ದಿಟ್ಟಿಸಿದರೆ ಸೆರಗು ಎಳೆದುಕೊಳ್ಳುತ್ತಿದ್ದವಳು ಅವಳು. ಆ ಮನುಷ್ಯ ಅವಳ ಹೊಟ್ಟೆ ನೋಡಿದ, ತನ್ನದನ್ನು ನೋಡಿಕೊಂಡ, ಮಗನನ್ನು ಎತ್ತಿಕೊಂಡು ಸಾಲಿನಿಂದ ಹೊರಗೆ ಬಂದ. ನಗುತ್ತಿದ್ದವರಲ್ಲಿ ಕೆಲವರು ತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಸಮವಸ್ತ್ರದ ಆಳು ಹತ್ತಿರ ಬಂದವನು ಅವಳ ಮಾತು ಕೇಳುತ್ತ ಕೇಳುತ್ತ ಬಿಳಿಚಿಕೊಂಡ. ಮುಂದಿನ ಸರದಿಗೆ ಅವನು ಚಿಕ್ಕವರನ್ನೆಲ್ಲ ಬೇರೆ ಸಾಲಿಗೆ ಕಳಿಸಿ, ಒಬ್ಬೊಬ್ಬರ ತೊಡೆ ಮುಟ್ಟಿ ನೋಡುವವರೆಗೂ ದೊಡ್ಡಮ್ಮ ಅಲ್ಲಿಂದ ಕದಲಲಿಲ್ಲ.

ನಲ್ಲಿಯ ಹತ್ತಿರ ಅವಳ ಮುಖ ತೊಳೆಸಿ ಕಟ್ಟೆಯ ಮೇಲೆ ಕೂರಿಸಿದೆ. ಆಗ ಅವಳ ಕೈ ಸೆರಗಿನೊಳಗೆ ಹೋಗಿ ಕರಡಿಗೆಯನ್ನು ಹಿಡಿಯಿತು.

"ಅವಳಿಗೆ ಹೇಳ್ಬೇಡ ಕಣೇ" ಎಂದಳು. "ತಾನೇ ನನ್ನ ಹಿಡ್ಕೊಂಡಿದ್ದೆ ಅಂತ ತಿಳ್ಕೊಂಡವ್ಳೆ. ಹಂಗೇ ಇರ್ಲಿ. ನಿನ್ ಹೆದರಿಕೆ, ನನ್ ಹೆದರಿಕೆ ಸಾಕು ಮನೆಗೆ." ಹೇಳಲ್ಲ ಎಂದು ಮಾತು ಕೊಟ್ಟೆ.

ಮಗಳು ಕಡೂರು, ತರೀಕೆರೆ, ಅಜ್ಜಂಪುರ ಎನ್ನದೆ ನೆಂಟರ ಮನೆಗಳಲ್ಲೆಲ್ಲ ಆ ಕಥೆ ಹೇಳಿಕೊಂಡು ಬಂದಳು. ಅಜ್ಜಿ ಅತ್ತಳೆಂದೂ ತಾನೇ ಸೇರಿಸಿದಳು. "ದೊಡ್ಡಮ್ಮನ್ನ ಹಿಡಿಯೋಕೆ ಕ್ರೇನ್ ಬೇಕು, ನೀನ್ ಹೆಂಗ್ ಹಿಡಿದ್ಯೇ?" ಎಂದು ಗಂಡಸರು ಹೊಟ್ಟೆ ಹಿಡಿದು ನಗುವಾಗ ದೊಡ್ಡಮ್ಮ, "ಶಕ್ತಿ ಐತೆ ಕಣ್ರಯ್ಯಾ ನನ್ ಮೊಮ್ಮಗಳಿಗೆ" ಎಂದು ಕಾಫಿ ಲೋಟ ಎತ್ತುತ್ತಿದ್ದಳು, ಎಡಗೈಯಲ್ಲಿ. ಬಲಗಡೆಯ ತೋಳು ಅವತ್ತಿನಿಂದ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ತುರುಬು ಕಟ್ಟಿಕೊಳ್ಳಲು ಪಕ್ಕದ ಮನೆಯವಳನ್ನು ಕರೆಯುತ್ತಿದ್ದಳು. ಕೇಳಿದವರಿಗೆ ವಾತ ಎನ್ನುತ್ತಿದ್ದಳು. ನಾನು ಡಾಕ್ಟರ ಹತ್ತಿರ ಹೋಗೋಣ ಎಂದರೆ, "ಇರ್ಲಿ ಬಿಡು, ಇನ್ನೊಂದೈತಲ್ಲ" ಎಂದು ನಗುತ್ತಿದ್ದಳು.

ಈಗ ಇದನ್ನು ಬರೆದು ಅವಳಿಗೆ ಕೊಟ್ಟ ಮಾತು ಮುರಿಯುತ್ತಿದ್ದೇನೆ. ಮಗಳು ಓದಿದರೆ ಓದಲಿ. ಹೆದರಿಕೆ ಅಂಟಿಕೊಳ್ಳುವ ವಯಸ್ಸನ್ನು ದಾಟಿದ್ದಾಳೆ.

ಹೋದ ವರ್ಷ ದೊಡ್ಡಮ್ಮ ತೀರಿಕೊಂಡಳು. ಬೆಳಗಿನ ಪೂಜೆ ಮುಗಿಸಿ ಏಳಲು ಹೋದವಳು ಹಾಗೆಯೇ ಗೋಡೆಗೆ ಒರಗಿದಳಂತೆ. ನಾವು ಅಜ್ಜಂಪುರ ಮುಟ್ಟುವಷ್ಟರಲ್ಲಿ ನಮ್ಮವರ ಪದ್ಧತಿಯಂತೆ ಅವಳನ್ನು ನಡುಮನೆಯಲ್ಲಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಹೂವು, ಎದೆಯ ಮೇಲೆ ಲಿಂಗ. ಭಜನೆಯವರು ಇನ್ನೂ ಬಂದಿರಲಿಲ್ಲ. ಕೂತ ಹೆಣ ನೋಡಿದರೆ ನನಗೆ ಚಿಕ್ಕಂದಿನಿಂದಲೂ ಭಯ. ಕಣ್ಣು ಬಿಟ್ಟುಬಿಡುತ್ತದೇನೋ ಎನ್ನಿಸುತ್ತದೆ. ನಾನು ಹೊಸ್ತಿಲಲ್ಲೇ ಉಳಿದೆ.

ಆ ದೊಡ್ಡ ಮೈ ಕೂತಲ್ಲಿ ನಿಲ್ಲುತ್ತಿರಲಿಲ್ಲ. ಮೆಲ್ಲಗೆ ಒಂದು ಬದಿಗೆ ವಾಲುತ್ತಿತ್ತು. "ಇನ್ನೊಂದ್ ಪಂಚೆ ತರ್ರೋ, ಕಟ್ಬೇಕು" ಎಂದು ಹಿರಿಯರೊಬ್ಬರು ಒಳಗೆ ಹೋದರು. ಅಷ್ಟರಲ್ಲಿ, ಆಗಷ್ಟೇ ಹೈಸ್ಕೂಲು ಮುಟ್ಟಿದ್ದ ನನ್ನ ಮಗಳು, ಯಾರನ್ನೂ ಕೇಳದೆ ಹೋಗಿ ದೊಡ್ಡಮ್ಮನ ಪಕ್ಕ ಅಂಟಿಕೊಂಡು ಕೂತಳು. ಒಂದು ತೋಳನ್ನು ಅವಳ ಮಡಿಲಿನ ಮೇಲೆ ಅಡ್ಡ ಹಾಕಿ, ಭುಜಕ್ಕೆ ಭುಜ ಕೊಟ್ಟಳು. ವಾಲುತ್ತಿದ್ದ ಮೈ ನಿಂತಿತು.

"ಎದ್ದು ಬಾರೇ" ಎಂದೆ ನಾನು. "ಹೆದರ್ಕೊಂತೀಯ."

"ನಂಗಲ್ಲಮ್ಮ" ಎಂದಳು ಮಗಳು, ಮೆಲ್ಲಗೆ, ಪಕ್ಕದಲ್ಲಿ ನಿದ್ದೆ ಮಾಡುವವರಿಗೆ ಕೇಳಿಸಬಾರದು ಎಂಬಂತೆ. "ಹೆದರಿಕೆ ಇರೋದು ಅಜ್ಜಿಗೆ. ನಾನ್ ಹಿಡ್ಕೊಂಡಿರ್ತೀನಿ."

ನಾನು ಹೊಸ್ತಿಲು ದಾಟಿ ಹೋಗಿ, ಇನ್ನೊಂದು ಪಕ್ಕದಲ್ಲಿ ಕೂತೆ.